ನಿವಾರಾದ ಲೆಕ್ಕ ಯಾರ ಮುಂದೆ?

ಪ್ರಶ್ನೆ: ನಾನು ಮುಂಬೈಯ ಮಾಟುಂಗದಲ್ಲಿ ಮೂವತ್ತೆಂಟು ವರ್ಷಗಳಿಂದ ನೆಲೆಸಿರುವ ನಿವೃತ್ತ ಬ್ಯಾಂಕ್ ನೌಕರ. ಬೆಳಗ್ಗೆ ವಾಕಿಂಗ್ ಹೋಗುವಾಗ, ಸಯನ್ ಕಡೆಗಿನ ಮೇಲ್ಸೇತುವೆಯ ಕೆಳಗೆ ಯಾದಗಿರಿ ಕಡೆಯ ಎರಡು ಕುಟುಂಬಗಳು ಮಲಗಿರುವುದನ್ನು ನಾಲ್ಕು ವರ್ಷಗಳಿಂದ ನೋಡುತ್ತಿದ್ದೇನೆ. ಕನ್ನಡದಲ್ಲಿ ಮಾತನಾಡಿಸಿದಾಗ, ತಮ್ಮನ್ನು ಇಲ್ಲಿಯವರೆಗೆ ಯಾರೂ ಬರೆದುಕೊಂಡು ಹೋಗಿಲ್ಲ ಎಂದರು. ಆದರೆ ವಸತಿರಹಿತರಿಗೆ ಇಷ್ಟು ನಿವಾರಾ (ಆಶ್ರಯಕೇಂದ್ರ) ತೆರೆದಿದ್ದೇವೆ, ಇಷ್ಟು ಖರ್ಚು ಮಾಡಿದ್ದೇವೆ ಎಂಬ ಹೇಳಿಕೆಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಸರ್ಕಾರ ಈ ಕೆಲಸದ ವರದಿಯನ್ನು ಯಾರಿಗೆ ಒಪ್ಪಿಸಬೇಕು? ನನ್ನಂಥ ಸಾಮಾನ್ಯನು ಅದನ್ನು ತಾಳೆ ನೋಡುವುದು ಹೇಗೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಒಂದು ವಾಕ್ಯದ ಉತ್ತರವಿದೆ: ಹಣ ಎಲ್ಲಿಂದ ಬಂದಿತೋ ವರದಿ ಅಲ್ಲಿಗೆ ಹೋಗುತ್ತದೆ. ವಸತಿರಹಿತರ ಹೆಸರಿನಲ್ಲಿ ದೆಹಲಿಯಿಂದ ಹೊರಟ ಹಣ ರಾಜ್ಯದ ಮೂಲಕ ಪಾಲಿಕೆಗೂ, ಪಾಲಿಕೆಯಿಂದ ನಿವಾರಾ ನಡೆಸುವ ಸಂಸ್ಥೆಗೂ ಇಳಿಯುತ್ತದೆ. ವರದಿ ಅದೇ ಮೆಟ್ಟಿಲುಗಳನ್ನು ಹತ್ತಿಕೊಂಡು ವಾಪಸು ಹೋಗುತ್ತದೆ. ಆ ಮೆಟ್ಟಿಲುಗಳ ಯಾವ ತಿರುವಿನಲ್ಲಿಯೂ ಮೇಲ್ಸೇತುವೆಯ ಕೆಳಗೆ ಮಲಗುವವರಾಗಲಿ, ಅವರನ್ನು ದಿನವೂ ನೋಡುವ ನಿಮ್ಮಂಥವರಾಗಲಿ ಎದುರಾಗುವುದಿಲ್ಲ. ಸ್ಥಳೀಯ ಸಂಸ್ಥೆಗಳ ಲೆಕ್ಕ ತಪಾಸಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ನನಗೆ, ಈ ವ್ಯವಸ್ಥೆಯ ಮುಖ್ಯ ದೋಷ ಹಣದ ಸೋರಿಕೆಗಿಂತ ಹೆಚ್ಚಾಗಿ ವರದಿ ಸಾಗುವ ಈ ದಿಕ್ಕಿನಲ್ಲಿಯೇ ಕಾಣುತ್ತದೆ. ಮೇಲಿನವರಿಗೆ ಬೇಕಾದದ್ದು ಕಟ್ಟಡಗಳ ಸಂಖ್ಯೆ ಮತ್ತು ಖರ್ಚಾದ ರೂಪಾಯಿ. ಆದ್ದರಿಂದ ಕೆಳಗಿನವರು ಆ ಎರಡನ್ನೇ ಬರೆದು ಕಳುಹಿಸುತ್ತಾರೆ. ಒಬ್ಬ ಮನುಷ್ಯ ಬೀದಿಯಿಂದ ಶಾಶ್ವತವಾಗಿ ಎದ್ದು ಹೋದನೇ ಎಂದು ಕೇಳುವವರಿಲ್ಲದ ಕಾರಣ ಅದನ್ನು ಬರೆಯುವವರೂ ಇಲ್ಲ.

ಕಡಿಮೆಯಾಯಿತು ಎನ್ನಬೇಕಾದರೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬ ಎರಡು ಎಣಿಕೆಗಳು ಬೇಕು. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಅಳತೆಯಲ್ಲಿ ನಡೆಯುವ ಎಣಿಕೆ ಜನಗಣತಿಯೊಂದೇ. 2011ರಲ್ಲಿ ಫೆಬ್ರವರಿ 28ರ ರಾತ್ರಿ ಗಣತಿದಾರರು ಬೀದಿಗಿಳಿದು, ರಸ್ತೆಯ ಬದಿ, ಪಾದಚಾರಿ ಮಾರ್ಗ, ದೊಡ್ಡ ಸಿಮೆಂಟ್ ಪೈಪುಗಳು, ಮೇಲ್ಸೇತುವೆ ಮತ್ತು ಮೆಟ್ಟಿಲುಗಳ ಕೆಳಗು, ದೇವಸ್ಥಾನದ ಹೊರಾಂಗಣ, ರೈಲ್ವೆ ಪ್ಲಾಟ್‌ಫಾರಂ ಇಂಥ ಕಡೆಗಳಲ್ಲಿ ಇದ್ದವರನ್ನು ಬರೆದುಕೊಂಡರು. ದೇಶದಲ್ಲಿ ಒಟ್ಟು 17.73 ಲಕ್ಷ ಜನ, ಅದರಲ್ಲಿ ನಗರಗಳಲ್ಲಿ 9.38 ಲಕ್ಷ, ಮಹಾರಾಷ್ಟ್ರದಲ್ಲಿ 2.11 ಲಕ್ಷ, ಮುಂಬೈಯಲ್ಲಿ 57 ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ ಸಿಕ್ಕಿತು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ನಡೆಯಲೇ ಇಲ್ಲ. ಹೀಗಾಗಿ ಈ ಹದಿನೈದು ವರ್ಷಗಳಲ್ಲಿ ಮುಂಬೈಯ ವಸತಿರಹಿತರು ಹೆಚ್ಚಾದರೋ ಕಡಿಮೆಯಾದರೋ ಎಂಬುದನ್ನು ಒಂದೇ ಅಳತೆಯ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೇಳಬಲ್ಲ ಅಧಿಕಾರಿ ಇಲ್ಲ. ನಡುವೆ ಪಾಲಿಕೆಗಳು ಸಂಸ್ಥೆಗಳ ಮೂಲಕ ಸಮೀಕ್ಷೆ ಮಾಡಿಸುತ್ತವೆ, ನಿಜ. ಆದರೆ ಜನಗಣತಿಯ ಸಂಖ್ಯೆಯನ್ನೂ ಸಮೀಕ್ಷೆಯ ಸಂಖ್ಯೆಯನ್ನೂ ಒಟ್ಟಿಗಿಟ್ಟು ಇಳಿಕೆ ತೋರಿಸುವುದು, ಮೊಳದಲ್ಲಿ ಅಳೆದ ಬಟ್ಟೆಯನ್ನು ಗಜದಲ್ಲಿ ಅಳೆದು ಬಟ್ಟೆ ಕುಗ್ಗಿತು ಎಂದ ಹಾಗಾಗುತ್ತದೆ.

ಯಾವ ಗಂಟೆಗೆ ಎಣಿಸಿದರು ಎಂಬುದೂ ಮುಖ್ಯ. ರಾತ್ರಿ ಒಂಬತ್ತಕ್ಕೆ ಎಣಿಸಲು ಹೊರಟವರಿಗೆ ಅಂಗಡಿ ಮುಂಗಟ್ಟಿನಲ್ಲಿ ಮಲಗುವವರು ಸಿಗುವುದಿಲ್ಲ, ಏಕೆಂದರೆ ಶಟರ್ ಇಳಿಯುವುದು ಹತ್ತರ ಮೇಲೆ, ಹಾಸು ಬಿಚ್ಚುವುದು ಅದಕ್ಕೂ ಆಮೇಲೆ. ವ್ಯಾಖ್ಯೆಯೂ ಅಷ್ಟೇ. ಊರಿನಿಂದ ಬಂದು ಫೋರ್ಟಿನ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಶಾಲೆ ಮುಗಿಸಿ, ಅದೇ ಹೋಟೆಲಿನ ಟೇಬಲ್‌ಗಳನ್ನು ಜೋಡಿಸಿ ಮಲಗುತ್ತಿದ್ದ ನಮ್ಮ ಹಿರಿಯರಿಗೆ ಮನೆಯಿರಲಿಲ್ಲ. ಆದರೆ ಮೇಲೊಂದು ಸೂರು ಇದ್ದ ಕಾರಣ, ಸೂರಿಲ್ಲದವರನ್ನಷ್ಟೇ ಎಣಿಸುವ ಜನಗಣತಿಯ ವ್ಯಾಖ್ಯೆಯ ಪ್ರಕಾರ ಅವರು ವಸತಿರಹಿತರಲ್ಲ. ಇವತ್ತು ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ಸ್ಲ್ಯಾಬಿನ ಕೆಳಗೆ ಮಲಗುವ ಕಲಬುರಗಿ, ವಿಜಯಪುರ ಕಡೆಯ ಕೂಲಿಗಳ ಸ್ಥಿತಿಯೂ ಹಾಗೆಯೇ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಯಾವುದೇ ವರದಿಯನ್ನು ಓದುವಾಗ ಸಂಖ್ಯೆಗಿಂತ ಮುಂಚೆ ಯಾರನ್ನು, ಯಾವ ರಾತ್ರಿ, ಎಷ್ಟು ಗಂಟೆಗೆ ಎಣಿಸಲಾಯಿತು ಎಂಬ ಅಡಿಟಿಪ್ಪಣಿಯನ್ನು ಹುಡುಕಿ. ಅಡಿಟಿಪ್ಪಣಿ ಇಲ್ಲದಿದ್ದರೆ ಆ ಸಂಖ್ಯೆಯನ್ನು ಅಷ್ಟರಲ್ಲೇ ಇಡಬೇಕು.

ಇನ್ನು ಸರ್ಕಾರದ ಹೊಣೆ ಎಲ್ಲಿಂದ ಬಂದಿತು ಎಂಬ ವಿಷಯ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ದೊಡ್ಡ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಆಶ್ರಯಕೇಂದ್ರಗಳು ಇರಬೇಕೆಂದು ಹೇಳಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಇದೇ ಮಾನದಂಡವನ್ನು ತನ್ನ ಮಾರ್ಗಸೂಚಿಯಲ್ಲಿ ಸೇರಿಸಿಕೊಂಡು, 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ತಲೆಗೆ 50 ಚದರ ಅಡಿ ಎಂದು ಬರೆಯಿತು. ಹಣ ಹೋಗಿಯೂ ಕೇಂದ್ರಗಳು ಏಳುತ್ತಿಲ್ಲವೆಂಬ ದೂರಿನ ಮೇಲೆ, ಇ. ಆರ್. ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ನೇತೃತ್ವದ ಸಮಿತಿಯೊಂದನ್ನು ರಚಿಸಿ, ಕೇಂದ್ರಗಳು ನಿಜವಾಗಿ ಇವೆಯೇ, ಮಾರ್ಗಸೂಚಿಯಂತೆ ನಡೆಯುತ್ತಿವೆಯೇ, ಹಣ ಬೇರೆಡೆಗೆ ತಿರುಗಿದೆಯೇ ಎಂದು ಹೋಗಿ ನೋಡಲು ಹೇಳಿತು. ಸಮಿತಿಯ ವರದಿ ಬಂದ ನಂತರ, 2018ರ ಮಾರ್ಚ್‌ನಲ್ಲಿ, ಪ್ರತಿ ರಾಜ್ಯದಲ್ಲೂ ಮೇಲ್ವಿಚಾರಣಾ ಸಮಿತಿ ಇರಬೇಕೆಂಬ ಆದೇಶವಾಯಿತು. ನಿಮ್ಮ ಪ್ರಶ್ನೆಗೆ ಕಾಗದದ ಮೇಲೆ ಸಿಗುವ ಅತ್ಯಂತ ನೇರ ಉತ್ತರ ಈ ರಾಜ್ಯ ಸಮಿತಿಯೇ. ಅದು ಎಷ್ಟು ಬಾರಿ ಸಭೆ ಸೇರಿತು, ಸಭೆಯ ನಡಾವಳಿ ಎಲ್ಲಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಮಾನದಂಡದ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಿ. ಬ್ಯಾಂಕಿನಲ್ಲಿದ್ದವರಿಗೆ ಇದು ಎರಡು ನಿಮಿಷದ ಕೆಲಸ. 2011ರಲ್ಲಿ ಬೃಹನ್ಮುಂಬೈಯ ಜನಸಂಖ್ಯೆ 1.24 ಕೋಟಿ. ಲಕ್ಷಕ್ಕೊಂದರಂತೆ 124 ಕೇಂದ್ರ, ಕೇಂದ್ರಕ್ಕೆ 100 ಜನರಂತೆ 12,400 ಹಾಸಿಗೆ. ಆದರೆ ಅದೇ ಜನಗಣತಿ ಕಂಡ ವಸತಿರಹಿತರು 57 ಸಾವಿರ. ಅಂದರೆ ಸರ್ಕಾರ ಗುರಿಯನ್ನು ನೂರಕ್ಕೆ ನೂರು ಮುಟ್ಟಿದ ದಿನವೂ ಐವರಲ್ಲಿ ಸುಮಾರು ನಾಲ್ವರು ಹೊರಗೇ ಮಲಗಿರುತ್ತಾರೆ, ಮತ್ತು ವರದಿಯಲ್ಲಿ ಗುರಿ ಪೂರ್ಣಗೊಂಡಿದೆ ಎಂದೇ ಇರುತ್ತದೆ. ನಗರದ ಒಟ್ಟು ಜನಸಂಖ್ಯೆಗೆ ಕಟ್ಟಿದ ಮಾನದಂಡವಿದು. ಬೀದಿಯಲ್ಲಿರುವವರ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ. ಕನಿಷ್ಠ ಇಷ್ಟಾದರೂ ಇರಲಿ ಎಂದು ನ್ಯಾಯಾಲಯ ಹೇಳಿದ್ದನ್ನು ಆಡಳಿತ ಗರಿಷ್ಠ ಗುರಿಯಂತೆ ಹಿಡಿದುಕೊಂಡಿತು.

ಈಗ ಆ ವರದಿಯ ಒಳಗೆ ಏನಿರುತ್ತದೆ ನೋಡೋಣ. ನಿವಾರಾ ನಡೆಸುವ ಸಂಸ್ಥೆ ಪ್ರತಿ ತಿಂಗಳು ಪಾಲಿಕೆಗೆ ಹಾಜರಿಯ ಮೊತ್ತ ಮತ್ತು ಬಿಲ್ಲುಗಳನ್ನು ಕೊಡುತ್ತದೆ. ಪಾಲಿಕೆಯ ಸಮಾಜ ವಿಕಾಸ ಅಧಿಕಾರಿ ಅದನ್ನು ನೋಡಿ ಸಹಿ ಹಾಕಿ ಮೇಲಕ್ಕೆ ಕಳುಹಿಸುತ್ತಾರೆ. ರಾಜ್ಯದ ಮಟ್ಟದಲ್ಲಿ ಎಲ್ಲ ನಗರಗಳ ಮೊತ್ತಗಳು ಒಂದು ತಖ್ತೆಯಲ್ಲಿ ಕೂಡಿಕೊಳ್ಳುತ್ತವೆ, ಮಂಜೂರಾದ ಕೇಂದ್ರ ಇಷ್ಟು, ಕಾರ್ಯನಿರತ ಕೇಂದ್ರ ಇಷ್ಟು, ಸಾಮರ್ಥ್ಯ ಇಷ್ಟು ಎಂದು. ಅದರ ಜೊತೆ ಹೋಗುವ ಮುಖ್ಯ ಕಾಗದವೆಂದರೆ ಹಣ ಬಳಕೆ ಪ್ರಮಾಣಪತ್ರ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೆ ನಿಗದಿತ ನಮೂನೆಯೇ ಇದೆ. ಹಿಂದಿನ ಕಂತಿನ ಈ ಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲವಾದ್ದರಿಂದ ಎಲ್ಲ ಕಚೇರಿಗಳಲ್ಲೂ ಇದಕ್ಕೆ ಪರೀಕ್ಷೆಯ ಹಾಲ್ ಟಿಕೆಟ್ಟಿನ ಮರ್ಯಾದೆ. ಆದರೆ ಅದು ದೃಢೀಕರಿಸುವುದು ಇಷ್ಟನ್ನೇ: ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೆ ಖರ್ಚಾಗಿದೆ. ಆ ಖರ್ಚಿನಿಂದ ಒಬ್ಬರಾದರೂ ಒಂದು ರಾತ್ರಿ ಒಳಗೆ ಮಲಗಿದರು ಎಂದು ಅದರಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಲೆಕ್ಕ ತಪಾಸಣೆಗೆ ಬಂದವನೂ ಸಾಮಾನ್ಯವಾಗಿ ಬಿಲ್ಲು, ವೋಚರು, ಟೆಂಡರು ನೋಡಿ ಏಳುತ್ತಾನೆ. ನಾನೂ ಬಹಳ ವರ್ಷ ಹಾಗೆಯೇ ಎದ್ದವನು.

ಒಂದು ಸಲ ಮಾತ್ರ ಸ್ವಲ್ಪ ಹೊತ್ತು ಹೆಚ್ಚು ಕುಳಿತೆ. ಮುಂಬೈ ಮಹಾನಗರ ಪ್ರದೇಶದ ಒಂದು ನಿವಾರಾ, ಹೆಸರು ಬೇಡ. ಹಾಜರಿ ಪುಸ್ತಕದಲ್ಲಿ ಆ ತಿಂಗಳ ಮೂವತ್ತು ರಾತ್ರಿಯೂ 48 ಎಂದಿತ್ತು. ಒಂದೇ ಪೆನ್ನು, ಒಂದೇ ಅಕ್ಷರ, ಹೆಬ್ಬೆಟ್ಟುಗಳೆಲ್ಲ ಒಂದೇ ಗಾತ್ರ. ಅನಂತ ಚತುರ್ದಶಿಯ ರಾತ್ರಿ, ಅರ್ಧ ಊರೇ ವಿಸರ್ಜನೆಯ ಮೆರವಣಿಗೆಯಲ್ಲಿದ್ದಾಗಲೂ 48. ಮಂಚ ಎಣಿಸಿದರೆ ಮೂವತ್ತೊಂದು. ಅವುಗಳಲ್ಲಿ ಐದರ ಮೇಲೆ ಹಳೆಯ ಬ್ಯಾನರುಗಳ ಕಟ್ಟು. ಅಷ್ಟರಲ್ಲಿ ಕಾವಲುಗಾರನ ಗೂಟಕ್ಕೆ ಸುತಳಿಯಲ್ಲಿ ತೂಗುಹಾಕಿದ್ದ ಒಂದು ಸಣ್ಣ ವಹಿ ಕಣ್ಣಿಗೆ ಬಿತ್ತು. ಅದು ಚಹಾದ ಲೆಕ್ಕ. ಎದುರಿನ ಗಾಡಿಯವನಿಂದ ಬೆಳಗ್ಗೆ ಎಷ್ಟು ಲೋಟ ಬಂದಿತೆಂದು ತಿಂಗಳ ಕೊನೆಗೆ ಜಗಳವಾಗದಿರಲಿ ಎಂದು ಅವನೇ ಬರೆದಿಟ್ಟುಕೊಂಡದ್ದು: 19, 22, 17, 24, ವಿಸರ್ಜನೆಯ ಮರುದಿನ 6. ಸರ್ಕಾರದ ಪುಸ್ತಕಕ್ಕೆ ದಾರಿ ತಪ್ಪಿದ ಸತ್ಯ ಚಹಾದ ವಹಿಯಲ್ಲಿ ಕುಳಿತಿತ್ತು, ಏಕೆಂದರೆ ಆ ವಹಿಯನ್ನು ತಾಳೆ ನೋಡುವವನೊಬ್ಬ ರಸ್ತೆಯ ಆಚೆಗೇ ಇದ್ದ. ಆ ದಿನದಿಂದ ಒಂದು ಅಭ್ಯಾಸ ಮಾಡಿಕೊಂಡೆ: ಹಾಜರಿಯ ಸಂಖ್ಯೆ ದಿನದಿಂದ ದಿನಕ್ಕೆ ಅಲುಗಾಡದಿದ್ದರೆ ಅದನ್ನು ನಂಬುವುದಿಲ್ಲ. ಮಳೆ ಬಂದರೆ ಏರಬೇಕು, ಹಬ್ಬಕ್ಕೆ ಇಳಿಯಬೇಕು, ಬಿತ್ತನೆಯ ಕಾಲದಲ್ಲಿ ಊರಿಗೆ ಹೋದವರಷ್ಟು ಕಡಿಮೆಯಾಗಬೇಕು.

ಆದ್ದರಿಂದ ನೀವು ಕೇಳಬೇಕಾದ ಸಂಖ್ಯೆಗಳು ಪತ್ರಿಕಾ ಹೇಳಿಕೆಯ ಸಂಖ್ಯೆಗಳಿಗಿಂತ ಬೇರೆ. ಮಂಜೂರಾದ ಕೇಂದ್ರಗಳೆಷ್ಟು ಎಂದು ಕೇಳಿದರೆ ಕಡತಗಳ ಸಂಖ್ಯೆ ಸಿಗುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ರಾತ್ರಿ ಎಷ್ಟು ಜನ ಮಲಗಿದರು, ಕೇಂದ್ರ ಎಷ್ಟು ದಿನ ದುರಸ್ತಿಯ ಹೆಸರಿನಲ್ಲಿ ಮುಚ್ಚಿತ್ತು, ಹಾಸಿಗೆ ಇಲ್ಲವೆಂದು ಎಷ್ಟು ಜನರನ್ನು ಹಿಂದಕ್ಕೆ ಕಳುಹಿಸಲಾಯಿತು ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕೇಂದ್ರ ಬಿಟ್ಟು ಹೋದವರು ಎಲ್ಲಿಗೆ ಹೋದರು ಎಂದು ಕೇಳಿ. ಬಾಡಿಗೆ ಕೋಣೆಗೋ, ಊರಿಗೋ, ಆಸ್ಪತ್ರೆಗೋ, ಮತ್ತೆ ಬೀದಿಗೋ? ಕಡಿಮೆಯಾಯಿತು ಎಂಬ ಪದಕ್ಕೆ ಅರ್ಥ ಕೊಡುವ ಅಂಕಣ ಇದೊಂದೇ. ನಾನು ನೋಡಿದ ತಖ್ತೆಗಳಲ್ಲಿ ಈ ಅಂಕಣ ಒಂದೋ ಇರಲೇ ಇಲ್ಲ, ಇಲ್ಲವೇ ಅದರ ತುಂಬ ನಿರಂಕ, ಅಂದರೆ ಏನೂ ಇಲ್ಲ, ಎಂದು ಬರೆದಿತ್ತು.

ಖಾಲಿ ಹಾಸಿಗೆಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ಅವುಗಳನ್ನು ತೋರಿಸಿ, ನಾವು ಕರೆದರೂ ಇವರು ಬರುವುದಿಲ್ಲ, ಇವರಿಗೆ ಬೀದಿಯೇ ಇಷ್ಟ ಎಂದು ಅಧಿಕಾರಿಗಳು ಹೇಳುವುದುಂಟು, ಮತ್ತು ನಮ್ಮ ಸೊಸೈಟಿಗಳ ಸಭೆಗಳಲ್ಲಿ ಆ ಮಾತಿಗೆ ತಲೆದೂಗುವವರೂ ಬಹಳ. ನಿಮ್ಮ ಮೇಲ್ಸೇತುವೆಯ ಕೆಳಗಿರುವುದು ಕುಟುಂಬಗಳು ಎಂದು ಬರೆದಿದ್ದೀರಿ. ಗಂಡಸರಿಗೆ ಒಂದು ಕೇಂದ್ರ, ಹೆಂಗಸರಿಗೆ ಇನ್ನೊಂದು, ಹನ್ನೆರಡು ದಾಟಿದ ಹುಡುಗ ತಾಯಿಯ ಜೊತೆ ಇರುವಂತಿಲ್ಲ ಎಂದರೆ ಯಾವ ಸಂಸಾರ ತಾನೇ ಹೋಗುತ್ತದೆ? ಬೆಳಗ್ಗೆ ಆರಕ್ಕೆ ಕೂಲಿಯವರು ಸೇರುವ ನಾಕಾದಲ್ಲಿ ನಿಂತರೆ ಮಾತ್ರ ಕೂಲಿ ಸಿಗುವವನಿಗೆ ಎಂಟು ಕಿಲೋಮೀಟರ್ ದೂರದ ಹಾಸಿಗೆಯಿಂದ ಏನು ಪ್ರಯೋಜನ? ಪಾತ್ರೆ, ತಗಡು, ಹಾಸಿಗೆಯ ಗಂಟು ಇಡಲು ಜಾಗವಿಲ್ಲದ ಕಡೆಗೆ ಹೋಗಿ ಮರಳಿ ಬರುವಷ್ಟರಲ್ಲಿ ಸೇತುವೆಯ ಕೆಳಗಿನ ಜಾಗವೂ ಬೇರೆಯವರ ಪಾಲಾಗಿರುತ್ತದೆ. ಒಳ್ಳೆಯ ವರದಿಯಾದರೆ ಖಾಲಿ ಹಾಸಿಗೆಯ ಪಕ್ಕದಲ್ಲಿ ಅದು ಯಾರಿಗಾಗಿ ಹಾಕಿದ್ದು ಮತ್ತು ಅಲ್ಲಿಂದ ಅರ್ಧ ಗಂಟೆಯ ನಡಿಗೆಯೊಳಗೆ ಹೊರಗೆ ಮಲಗಿರುವವರು ಯಾರು ಎಂದು ಬರೆಯಬೇಕು. ಆಗ ದೋಷ ಮಲಗುವವರದ್ದೋ ಹಾಸಿಗೆ ಹಾಕಿದವರದ್ದೋ ಎಂಬುದು ಓದುವವರಿಗೆ ತಾನಾಗಿ ಗೊತ್ತಾಗುತ್ತದೆ.

ವರದಿಗಳು ಪೂರ್ತಿಯಾಗಿ ಬಿಟ್ಟುಬಿಡುವ ಇನ್ನೊಂದು ಬದಿಯಿದೆ. ಅದು ತೆರವು ಕಾರ್ಯಾಚರಣೆ. ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ, ಅಂದರೆ ಓಲ್ಗಾ ಟೆಲಿಸ್ ಪ್ರಕರಣದಲ್ಲಿ, 1985ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಆದರೂ ನೋಟಿಸ್ ಕೊಟ್ಟು, ಅಹವಾಲು ಕೇಳಿ ತೆರವು ಮಾಡುವ ಪಾಲಿಕೆಯ ಅಧಿಕಾರವನ್ನು ಉಳಿಸಿತು. 2024ರ ನವೆಂಬರ್ 13ರಂದು ಬಂದ ಕಟ್ಟಡ ನೆಲಸಮದ ಬಗೆಗಿನ ತೀರ್ಪು ಹದಿನೈದು ದಿನಗಳ ನೋಟಿಸ್ ಕಡ್ಡಾಯ ಮಾಡಿದ್ದನ್ನು ನೀವು ಓದಿರಬಹುದು; ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಬದಿ ಇಂಥ ಸಾರ್ವಜನಿಕ ಜಾಗಗಳ ಅನಧಿಕೃತ ರಚನೆಗಳಿಗೆ ಆ ನಿರ್ದೇಶನ ಅನ್ವಯಿಸುವುದಿಲ್ಲ ಎಂದು ಅದೇ ತೀರ್ಪಿನಲ್ಲಿದೆ. ಗೋವಾದಲ್ಲಿ ವಾಸ್ಕೋದ ಬೈನಾ ಕಡಲತೀರದಿಂದ 2004ರಲ್ಲಿಯೂ 2015ರಲ್ಲಿಯೂ ಮನೆ ಕಳೆದುಕೊಂಡವರಲ್ಲಿ ನಮ್ಮ ಉತ್ತರ ಕರ್ನಾಟಕದವರು ಎಷ್ಟೊಂದು ಜನವಿದ್ದರು ಎಂಬುದು ಅಲ್ಲಿನ ಕನ್ನಡಿಗರಿಗೆ ಇನ್ನೂ ಮರೆತಿಲ್ಲ. ಒಂದು ಇಲಾಖೆ ಗುಡಿಸಲು ಕೆಡವಿ ಅದನ್ನು ಅತಿಕ್ರಮಣ ತೆರವು ಎಂದು ತನ್ನ ಸಾಧನೆಯಲ್ಲಿ ಬರೆದುಕೊಳ್ಳುತ್ತದೆ, ಇನ್ನೊಂದು ಇಲಾಖೆ ನಿವಾರಾಕ್ಕೆ ಬಂದವರನ್ನು ತನ್ನ ಸಾಧನೆಯಲ್ಲಿ ಬರೆದುಕೊಳ್ಳುತ್ತದೆ. ಎರಡೂ ಕಡೆ ಇರುವುದು ಅದೇ ಜನ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮೆ ಮಾತ್ರ ಇರುವ ಪಾಸ್‌ಬುಕ್ ಇದು.

ಇಲಾಖೆಗಳ ಮಾತು ಬಂದದ್ದರಿಂದ ಹೇಳುತ್ತೇನೆ: ಭಿಕ್ಷಾಟನೆ ತಡೆಯ 1959ರ ಮುಂಬೈ ಕಾಯ್ದೆಯಡಿ ಹಿಡಿದು ಚೆಂಬೂರಿನ ಭಿಕ್ಷುಕರ ಗೃಹಕ್ಕೆ ಕಳುಹಿಸಿದವರು ನಿವಾರಾದ ಲೆಕ್ಕದಲ್ಲಿ ಬರುವುದಿಲ್ಲ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇಕಡಾ 3ರ ಭಿಕ್ಷುಕರ ಕರವನ್ನು ಕಟ್ಟುವ ನಿಮ್ಮ ಊರಿನ ಬಂಧುಗಳಿಗೆ ಆ ಹಣ ಯಾವ ಲೆಕ್ಕದಲ್ಲಿದೆಯೆಂದು ಕೇಳಿ ನೋಡಿ. ಅದು ಇನ್ನೊಂದು ಕಥೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗಳ ಸಂಖ್ಯೆಯನ್ನು ವಸತಿರಹಿತರ ಪ್ರಶ್ನೆಗೆ ಉತ್ತರವೆಂದು ಕೊಡುವುದೂ ಉಂಟು. ಹೆಚ್ಚಿನ ಮಟ್ಟಿಗೆ ಸ್ವಂತ ಜಾಗವೋ ಸಾಲದ ಅರ್ಹತೆಯೋ ಬೇಕಾದ ಯೋಜನೆಗೂ ಸೇತುವೆಯ ಕೆಳಗಿನವರಿಗೂ ಇರುವ ದೂರ ನಿಮಗೆ ವಿವರಿಸಬೇಕಾಗಿಲ್ಲ.

ಹಣದ ಮಾತಿಗೆ ಮರಳಿದರೆ, ಈ ಪ್ರಶ್ನೆ ಈಗ ಹೆಚ್ಚು ತುರ್ತಿನದಾಗಲು ಒಂದು ಕಾರಣವಿದೆ. ನಗರ ಜೀವನೋಪಾಯ ಮಿಷನ್‌ನ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ವರದಿ ಹಣವನ್ನು ಹಿಂಬಾಲಿಸುತ್ತದೆ ಎಂದೆನಲ್ಲ, ಹಣದ ದಾರಿ ಮುಚ್ಚಿದರೆ ಅರೆಮನಸ್ಸಿನ ಆ ವರದಿಯೂ ನಿಲ್ಲುವ ಭಯವಿದೆ. ಆದರೆ ಯೋಜನೆ ಮುಗಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ: ನ್ಯಾಯಾಲಯದ ಆದೇಶಗಳಿಗೆ ಯೋಜನೆಯ ಅವಧಿ ಅನ್ವಯಿಸುವುದಿಲ್ಲ, ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಬಡತನ ನಿವಾರಣೆ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿಯೇ ಇದೆ, ಮತ್ತು ಮುಂಬೈಯ 2034ರ ವಿಕಾಸ ಯೋಜನೆಯಲ್ಲಿ ವಸತಿರಹಿತರ ಆಶ್ರಯಕ್ಕೆಂದು ಗುರುತಿಸಿದ ಜಾಗಗಳಿವೆ. ಆದ್ದರಿಂದ ಇನ್ನು ಮುಂದೆ ದೆಹಲಿಯ ಕಡತಕ್ಕಿಂತ ಪಾಲಿಕೆಯ ಬಜೆಟ್ ಪುಸ್ತಕವನ್ನು ನೋಡುವುದು ಮೇಲು. ಅದರಲ್ಲಿ ಆಶ್ರಯಕೇಂದ್ರಗಳ ಬಾಬಿಗೆ ಮೂರು ಅಂಕಣಗಳಿರುತ್ತವೆ: ಅಂದಾಜು, ಪರಿಷ್ಕೃತ ಅಂದಾಜು, ಹಿಂದಿನ ವರ್ಷದ ವಾಸ್ತವ ಖರ್ಚು. ಪತ್ರಿಕೆಯಲ್ಲಿ ಬರುವುದು ಮೊದಲನೆಯದು. ನೀವು ಮೂರನೆಯದನ್ನು ಓದಿ.

ತಾಳೆ ನೋಡುವ ಕ್ರಮ ಹೀಗೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಅಧಿನಿಯಮದ 6ನೇ ಕಲಮಿನಂತೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕು. ಮುಂಬೈಯಲ್ಲಿ ಅದು ಮರಾಠಿ. ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ನಿಮ್ಮ ಎಫ್ ಉತ್ತರ ವಾರ್ಡ್ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಡಬಹುದು, ಆನ್‌ಲೈನ್‌ನಲ್ಲಿಯೂ ಹಾಕಬಹುದು. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ, ನಿಮ್ಮ ಕೆಲಸವಲ್ಲ. ಏಕೆ, ಯಾವಾಗ ಮಾಡುತ್ತೀರಿ ಎಂಬಂಥ ಪ್ರಶ್ನೆಗಳನ್ನು ಕೇಳಬೇಡಿ; ದಾಖಲೆಯ ಪ್ರತಿ ಕೇಳಿ. ವಾರ್ಡಿನ ವ್ಯಾಪ್ತಿಯ ಆಶ್ರಯಕೇಂದ್ರಗಳ ವಿಳಾಸ ಮತ್ತು ಸಾಮರ್ಥ್ಯ, ಕಳೆದ ಹನ್ನೆರಡು ತಿಂಗಳ ಪ್ರತಿ ರಾತ್ರಿಯ ಹಾಜರಿಯ ಮೊತ್ತ, ಅಧಿಕಾರಿಗಳ ತಪಾಸಣಾ ವರದಿಗಳು, ಕೊನೆಯ ಸಮೀಕ್ಷೆಯ ವಾರ್ಡ್‌ವಾರು ಸಂಖ್ಯೆ ಮತ್ತು ಎಣಿಸಿದ ದಿನಾಂಕ ಹಾಗೂ ಸಮಯ, ಇಷ್ಟು ಸಾಕು. ಮಲಗಿದವರ ಹೆಸರುಗಳನ್ನು ಕೇಳಬೇಡಿ. ಅದು ಅವರಿಗೂ ಒಳ್ಳೆಯದಲ್ಲ, ಮೇಲಾಗಿ 2025ರ ನವೆಂಬರ್‌ನಿಂದ ವೈಯಕ್ತಿಕ ಮಾಹಿತಿಯ ವಿನಾಯಿತಿ ಬಿಗಿಯಾಗಿರುವುದರಿಂದ ಒಂದು ಹೆಸರಿನ ನೆಪದಲ್ಲಿ ಇಡೀ ಅರ್ಜಿಯನ್ನು ತಿರಸ್ಕರಿಸಲು ದಾರಿಯಾಗುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ ತೊಂಬತ್ತು ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಆಯೋಗದ ಮುಂದೆ ಅರ್ಜಿಗಳ ರಾಶಿ ದೊಡ್ಡದು, ಆದ್ದರಿಂದ ನನ್ನ ಸಲಹೆ ಬೇರೆ: ಕಾಗದದ ಪ್ರತಿಯ ಜೊತೆಗೆ ದಾಖಲೆ ಪರಿಶೀಲನೆಯನ್ನೂ ಕೇಳಿ. ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಹಾಳೆ ತಿರುವುವ ಹಕ್ಕು ಅಧಿನಿಯಮದಲ್ಲಿಯೇ ಇದೆ. ಬ್ಯಾಂಕಿನ ಕೌಂಟರಿನಲ್ಲಿ ಸಾವಿರಾರು ಸಹಿ ನೋಡಿದ ಕಣ್ಣಿಗೆ ಒಂದೇ ಪೆನ್ನಿನ ಮೂವತ್ತು ದಿನ ಬೇಗ ಗೊತ್ತಾಗುತ್ತದೆ.

ಇನ್ನೊಂದು ಬಾಗಿಲು ಚುನಾಯಿತ ಸಭೆಯದು. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮುಂಬೈ ಮತ್ತು ಪುಣೆಯ ಪಾಲಿಕೆಗಳಿಗೆ 2026ರ ಜನವರಿಯವರೆಗೆ ಚುನಾವಣೆಯೇ ಆಗಲಿಲ್ಲ; ಹೆಚ್ಚುಕಡಿಮೆ ನಾಲ್ಕು ವರ್ಷ ಆಡಳಿತಾಧಿಕಾರಿ ತಾವೇ ಖರ್ಚು ಮಾಡಿ, ತಾವೇ ಮಂಜೂರು ಮಾಡಿ, ತಮಗೆ ತಾವೇ ವರದಿ ಒಪ್ಪಿಸಿಕೊಂಡರು. ಈಗ ಮುಂಬೈಯಲ್ಲಿ 227 ನಗರಸೇವಕರಿದ್ದಾರೆ. ನಿಮ್ಮ ಕೈಗೆ ಮಾಹಿತಿ ಬಂದ ಮೇಲೆ ನಿಮ್ಮ ನಗರಸೇವಕರ ಬಳಿ ಹೋಗಿ, ಸಭೆಯಲ್ಲಿ ಠರಾವಿನ ಸೂಚನೆ ತರಲು ಕೇಳಿ: ವಾರ್ಡ್‌ವಾರು ರಾತ್ರಿ ಹಾಜರಿ ಮತ್ತು ತೆರವಿನ ಸಂಖ್ಯೆ ಎರಡನ್ನೂ ಪಾಲಿಕೆ ಪ್ರತಿ ತಿಂಗಳು ತನ್ನ ಜಾಲತಾಣದಲ್ಲಿ ಹಾಕಬೇಕು ಎಂದು. ಇದು ಹೊಸ ಬೇಡಿಕೆಯೂ ಅಲ್ಲ. ಮಾಹಿತಿ ಹಕ್ಕಿನ 4ನೇ ಕಲಮಿನ ಪ್ರಕಾರ ಇಂಥ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು.

ಬೇರೆ ದೇಶಗಳಲ್ಲಿ ಹೇಗೆ ಎಂದು ನೀವು ಕೇಳಿಲ್ಲ, ಆದರೂ ಒಂದು ಸಂಗತಿ ಹೇಳಬಹುದು. ಅಮೆರಿಕದ ವಸತಿ ಇಲಾಖೆ ಪ್ರತಿ ಜನವರಿಯಲ್ಲಿ ಒಂದು ರಾತ್ರಿಯ ಎಣಿಕೆ ಮಾಡಿಸಿ ಸಂಸತ್ತಿಗೆ ವಾರ್ಷಿಕ ವರದಿ ಒಪ್ಪಿಸುತ್ತದೆ. 2024ರ ಎಣಿಕೆ 7,71,480, ಅಲ್ಲಿಯವರೆಗಿನ ಅತಿ ಹೆಚ್ಚು. ಇಂಗ್ಲೆಂಡಿನಲ್ಲಿ ಪ್ರತಿ ಶರತ್ಕಾಲದ ಒಂದು ರಾತ್ರಿ ಬೀದಿಯಲ್ಲಿ ಮಲಗಿದವರ ಸಂಖ್ಯೆ ಒಂದೊಂದು ಸ್ಥಳೀಯ ಸಂಸ್ಥೆಯ ಹೆಸರಿನ ಮುಂದೆ ಪ್ರಕಟವಾಗುತ್ತದೆ. ಅಲ್ಲಿ ಸಮಸ್ಯೆ ಬಗೆಹರಿದಿದೆ ಎಂದಲ್ಲ, ಏರಿದೆ. ಆದರೆ ಏರಿದ್ದು ಸರ್ಕಾರದ ಕಾಗದದಲ್ಲಿಯೇ ಇದೆ.

ಪುಣೆಯ ಓದುಗರು ಇದೇ ಲೆಕ್ಕವನ್ನು ತಮ್ಮ ಪಾಲಿಕೆಗೆ ಹಾಕಿಕೊಳ್ಳಬಹುದು: 2011ರ 31.24 ಲಕ್ಷಕ್ಕೆ 31 ಕೇಂದ್ರ. ಗೋವಾದಲ್ಲಿ ಆ ಜನಗಣತಿಯಂತೆ ಯಾವ ನಗರಸಭೆಯ ವ್ಯಾಪ್ತಿಯೂ 1 ಲಕ್ಷ ಮುಟ್ಟಿರಲಿಲ್ಲ, ಆದ್ದರಿಂದ ಮಡಗಾಂವ್, ವಾಸ್ಕೋದಂಥ ಕಡೆ ಲಕ್ಷಕ್ಕೊಂದು ಎಂಬ ಮಾತಿನ ಬದಲು ರಾತ್ರಿ ಎಣಿಕೆಯನ್ನೇ ಹಿಡಿದು ಕೇಳಬೇಕಾಗುತ್ತದೆ.

ಇನ್ನು ನಿಮ್ಮ ಎರಡು ಕುಟುಂಬಗಳು. ಅವರಲ್ಲಿ ಹದಿನೆಂಟು ದಾಟಿದವರಿಗೆ ಇಷ್ಟವಿದ್ದರೆ ಮತದಾರರ ಪಟ್ಟಿಗೆ 6ನೇ ನಮೂನೆಯನ್ನು ತುಂಬಿಸಿ. ಮನೆಯಿಲ್ಲದವರಿಂದ ವಿಳಾಸದ ಪುರಾವೆ ಕೇಳುವಂತಿಲ್ಲ. ಅವರು ಹೇಳಿದ ಜಾಗದಲ್ಲಿಯೇ ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೋಡಬೇಕೆಂಬುದು ಚುನಾವಣಾ ಆಯೋಗದ ಕ್ರಮ. ಸರ್ಕಾರದ ಒಬ್ಬ ವ್ಯಕ್ತಿ ರಾತ್ರಿಯ ಹೊತ್ತು ಆ ಸೇತುವೆಯ ಕೆಳಗೆ ಬಂದು, ಇವರು ಇಲ್ಲಿದ್ದಾರೆ ಎಂದು ಬರೆದು ಸಹಿ ಹಾಕಿದ ಮೊದಲ ಕಾಗದ ಅದಾಗಬಹುದು. ಆಮೇಲೆ ಜನಗಣತಿ. ಅದರ ನಿಗದಿತ ಘಳಿಗೆ 2027ರ ಮಾರ್ಚ್ 1ರ ಶುರುವಾತು. ಹಿಂದಿನ ಪದ್ಧತಿಯೇ ನಡೆದರೆ ವಸತಿರಹಿತರ ಎಣಿಕೆ ಫೆಬ್ರವರಿ 28ರ ರಾತ್ರಿ. ಆ ವಾರ ಪೊಲೀಸರೋ ಪಾಲಿಕೆಯವರೋ ಅವರನ್ನು ಅಲ್ಲಿಂದ ಎಬ್ಬಿಸಿದರೆ, ಅವರು ಎಲ್ಲಿಗೆ ಹೋದರೆಂಬುದನ್ನು ತಿಳಿದುಕೊಂಡು ಆ ಜಾಗದ ಗಣತಿದಾರರಿಗೆ ಹೇಳುವುದು ಕನ್ನಡ ಬಲ್ಲ ನಿಮ್ಮಿಂದ ಸಾಧ್ಯ. ಅಷ್ಟರೊಳಗೆ ನಿಮ್ಮ ಅರ್ಜಿಗೆ ಉತ್ತರ ಬಂದರೆ, ಹಾಜರಿಯ ಹಾಳೆಗಳ ಪ್ರತಿಯನ್ನು ನನಗೂ ಕಳುಹಿಸಿ, ಜೊತೆಯಲ್ಲಿ ಕೂತು ನೋಡೋಣ.